ಶಿವಮೊಗ್ಗದ ಸುತ್ತ ದೊಡ್ಡ ಮಿಶ್ರ ಬಳಕೆ ಬಡಾವಣೆ: ಸಡಿಲಿಕೆ ಇರುವ ಮಂಜೂರಾತಿ ಪಡೆಯುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದ ಅಂಚಿನಲ್ಲಿ ಹತ್ತಾರು ಎಕರೆ ಒಟ್ಟು ಸೇರಿಸಿ, ಮನೆ, ಅಂಗಡಿ, ಕ್ಲಿನಿಕ್, ಆಫೀಸು, ಛತ್ರ ಎಲ್ಲವನ್ನೂ ಒಂದೇ ಕಡೆ ತರಬೇಕು ಅನ್ನುವವರು ಈಗ ಜಾಸ್ತಿ. 2023ರ ಫೆಬ್ರವರಿಯಲ್ಲಿ ಸೋಗಾನೆ ವಿಮಾನ ನಿಲ್ದಾಣ ಉದ್ಘಾಟನೆಯಾದ ಮೇಲಂತೂ ಈ ಆಸೆ ಇನ್ನಷ್ಟು ಬೆಳೆದಿದೆ. ಜಮೀನಿನ ಮಾಲೀಕರು, ಪಾಲುದಾರಿಕೆಗೆ ಇಳಿದ ಕುಟುಂಬಗಳು, ಸಣ್ಣ ಡೆವಲಪರ್‌ಗಳು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ. ಶುಲ್ಕ ಮತ್ತು ಸುತ್ತೋಲೆಗಳು ಬದಲಾಗುತ್ತಲೇ ಇರುತ್ತವೆ. ಅರ್ಜಿ ಹಾಕುವ ದಿನದ ಆದೇಶವನ್ನೇ ನೋಡಿ.

ಸಡಿಲಿಕೆ ಅಂತೀರಲ್ಲ, ಅದರಲ್ಲಿ ಯಾವುದು ಸಡಿಲ, ಯಾವುದು ಬಿಗಿ?

ನಲವತ್ತು ಎಕರೆಯ ಯೋಜನೆ ಒಂದೆರಡು ವರ್ಷಕ್ಕೆ ಮುಗಿಯುವುದಿಲ್ಲ. ಅಷ್ಟರಲ್ಲಿ ಊರಿನ ಬೇಡಿಕೆಯೇ ಬದಲಾಗಿರುತ್ತದೆ. ಅಂಗಡಿ ಸಾಲು ಅಂತ ಗುರುತು ಹಾಕಿದ ಕಡೆ ಡಯಾಗ್ನೊಸ್ಟಿಕ್ ಸೆಂಟರ್‌ನವರು ಬಂದು ಜಾಗ ಕೇಳಬಹುದು. 30×40 ಸೈಟಿಗಿಂತ ಅಪಾರ್ಟ್‌ಮೆಂಟ್ ಚೆನ್ನಾಗಿ ಹೋಗಬಹುದು, ಪೂರ್ತಿ ಉಲ್ಟಾ ಕೂಡ ಆಗಬಹುದು. ಪ್ರತಿ ಬದಲಾವಣೆಗೂ ಮೊದಲಿನಿಂದ ಫೈಲು ಹಾಕುತ್ತಾ ಕೂತರೆ ಸಾಲದ ಬಡ್ಡಿಯೇ ಲಾಭ ತಿಂದು ಹಾಕುತ್ತದೆ.

ಹಾಗಾಗಿ ಮುಖ್ಯ ರಸ್ತೆ, ಮಳೆನೀರಿನ ಚರಂಡಿ, ಪಾರ್ಕು, ಸಾರ್ವಜನಿಕ ಸೌಕರ್ಯದ ಜಾಗ, ನೀರು, ಒಳಚರಂಡಿ ಇವಿಷ್ಟನ್ನು ಮೊದಲೇ ಗಟ್ಟಿ ಮಾಡಿ. ಯಾವ ಬ್ಲಾಕಿಗೆ ಯಾವ ಬಳಕೆ, ಸೈಟಿನ ಅಳತೆ ಎಷ್ಟು, ಯಾವ ಹಂತ ಮೊದಲು ಅನ್ನುವುದು ಒಂದು ಮಿತಿಯೊಳಗೆ ಆಚೀಚೆ ಆಗುವಂತಿರಲಿ. ಎಲ್ಲವನ್ನೂ ಸುಮ್ನೆ ಮಸುಕಾಗಿ ಇಟ್ಟು "ಆಮೇಲೆ ನೋಡೋಣ" ಅಂದರೆ ಪ್ರಾಧಿಕಾರ ಒಪ್ಪುವುದಿಲ್ಲ, ಸಾಲ ಕೊಡುವ ಬ್ಯಾಂಕಂತೂ ಒಪ್ಪುವುದೇ ಇಲ್ಲ.

ಇನ್ನೊಂದು ಮಾತು. ಈ ಸಡಿಲಿಕೆ ಮೊದಲ ಸೈಟು ಮಾರುವ ಮೊದಲೇ ಆದೇಶದಲ್ಲಿ ಬಂದಿರಬೇಕು. ಯಾಕೆ ಅಂತ ಮುಂದೆ ರೇರಾ (ಸೈಟು, ಮನೆ ಕೊಳ್ಳುವವರ ರಕ್ಷಣೆಗಿರುವ ರಿಯಲ್ ಎಸ್ಟೇಟ್ ಕಾಯ್ದೆ) ಪ್ರಶ್ನೆಯಲ್ಲಿ ಬರುತ್ತದೆ.

ಯಾವ ಯಾವ ಕಚೇರಿಗೆ ಹೋಗಬೇಕು?

ಶಿವಮೊಗ್ಗ ಮತ್ತು ಭದ್ರಾವತಿ ಎರಡೂ ಸೇರಿದ ಯೋಜನಾ ಪ್ರದೇಶಕ್ಕೆ ನಗರಾಭಿವೃದ್ಧಿ ಪ್ರಾಧಿಕಾರ ಇದೆ. ಎಲ್ಲರೂ ಸೂಡಾ ಅನ್ನುತ್ತಾರೆ. ಮಾಸ್ಟರ್ ಪ್ಲಾನ್, ಭೂಬಳಕೆ ಬದಲಾವಣೆ, ಬಡಾವಣೆ ನಕ್ಷೆಯ ಮಂಜೂರಾತಿ ಅಲ್ಲಿಯ ಕೆಲಸ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನೆ ಕಾಯ್ದೆ ಮತ್ತು 1987ರ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆ, ಈ ಎರಡರ ಕೆಳಗೆ ಅದು ನಡೆಯುತ್ತದೆ. ಕೃಷಿ ಜಮೀನಿನ ಕನ್ವರ್ಷನ್, ಅಂದರೆ ಕೃಷಿಯೇತರ ಬಳಕೆಗೆ ಬದಲಿಸುವ ಆದೇಶ, ಜಿಲ್ಲಾಧಿಕಾರಿಗಳದ್ದು. ಕಟ್ಟಡದ ಲೈಸೆನ್ಸು ಮತ್ತು ಖಾತೆ ನಗರದೊಳಗೆ ಮಹಾನಗರ ಪಾಲಿಕೆಯದ್ದು, ಹೊರಗೆ ಗ್ರಾಮ ಪಂಚಾಯಿತಿಯದ್ದು.

ಇದರ ಮೇಲೆ ಮೆಸ್ಕಾಂ, ನೀರು ಸರಬರಾಜು ಮಂಡಳಿ, ಮಾಲಿನ್ಯ ನಿಯಂತ್ರಣ ಮಂಡಳಿ, ಅಗ್ನಿಶಾಮಕ, ಹೆದ್ದಾರಿಗೆ ರಸ್ತೆ ಕೂಡಿಸುವುದಿದ್ದರೆ ಹೆದ್ದಾರಿ ಇಲಾಖೆ, ನಾಲೆ ಹಾದು ಹೋದರೆ ನೀರಾವರಿಯವರು. ಸೂಡಾ ವ್ಯಾಪ್ತಿಯ ಆಚೆಗೆ, ಅಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಗೆ ಹೋದರೆ ಕಚೇರಿಯೂ ಬೇರೆ, ನಿಯಮಾವಳಿಯೂ ಬೇರೆ.

ಜಮೀನು ನಮ್ಮ ಅಜ್ಜನ ಕಾಲದ್ದು, ಪಹಣಿ ನಮ್ಮ ಹೆಸರಲ್ಲೇ ಇದೆ. ಇನ್ನೇನು ನೋಡಬೇಕು?

ಮಲೆನಾಡಿನಲ್ಲಿ ದೊಡ್ಡ ಯೋಜನೆಗಳು ಸೂಡಾದಲ್ಲಿ ನಿಲ್ಲುವುದಕ್ಕಿಂತ ಮೊದಲು ಜಮೀನಿನ ದಾಖಲೆಯಲ್ಲೇ ನಿಲ್ಲುತ್ತವೆ. ಪಹಣಿ ಒಂದು ಕಾಗದ ಅಷ್ಟೇ. ಅದರ ಹಿಂದೆ ಏನಿದೆ ಅನ್ನುವುದು ಮುಖ್ಯ.

ಮೊದಲು ಖರಾಬು, ಅಂದರೆ ಸಾಗುವಳಿಗೆ ಬಾರದ್ದು ಅಂತ ಗುರುತಿಸಿದ ಜಾಗ, ನೋಡಿ. ಎ-ಖರಾಬು ಅಂದರೆ ಬಂಡೆ, ಮನೆ, ಕಣದಂಥ ಜಾಗ. ಬಿ-ಖರಾಬು ಅಂದರೆ ಹಳ್ಳ, ದಾರಿ, ಸಾರ್ವಜನಿಕರದ್ದು. ನಿಮ್ಮ ಸರ್ವೆ ನಂಬರಿನ ನಡುವೆಯೇ ಇದ್ದರೂ ಅದು ಸರ್ಕಾರದ್ದು. ನಲವತ್ತು ಎಕರೆಯಲ್ಲಿ ಎರಡು ಹಳ್ಳ, ಒಂದು ಗಾಡಿ ದಾರಿ ಬಂತು ಅಂದರೆ ನಿಮ್ಮ ಇಡೀ ನಕ್ಷೆ ಅವುಗಳ ಸುತ್ತ ಕೂರಬೇಕು. ಅದನ್ನು ಮುಚ್ಚಿ ಸೈಟು ಹಾಕಿದವರು ಆಮೇಲೆ ಪಡುವ ಪಾಡು ಎಲ್ಲರಿಗೂ ಗೊತ್ತಿದೆ.

ಆಮೇಲೆ ಸರ್ಕಾರದಿಂದ ಮಂಜೂರಾದ ಜಮೀನು. ದರಖಾಸ್ತು, ಬಗರ್ ಹುಕುಂ ಜಮೀನುಗಳಿಗೆ ಇಂತಿಷ್ಟು ವರ್ಷ ಪರಭಾರೆ ಮಾಡಬಾರದು ಅನ್ನುವ ಷರತ್ತು ಇರುತ್ತದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಮಂಜೂರಾದ ಜಮೀನಾದರೆ ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಬರುತ್ತದೆ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೊಂಡಿದ್ದರೆ ಆ ಕ್ರಯಕ್ಕೆ ಬೆಲೆಯೇ ಇಲ್ಲ. 2023ರ ತಿದ್ದುಪಡಿಯಾದ ಮೇಲೆ "ತುಂಬಾ ಹಳೆಯ ವಿಷಯ, ಈಗ ಯಾರೂ ಕೇಳುವುದಿಲ್ಲ" ಅನ್ನುವ ಧೈರ್ಯವೂ ನಡೆಯುವುದಿಲ್ಲ. ಇಂಥ ಜಮೀನು ನಿಮ್ಮ ಒಟ್ಟು ಜಾಗದಲ್ಲಿ ಒಂದು ಎಕರೆ ಇದ್ದರೂ ಸಾಕು, ಬ್ಯಾಂಕಿನ ವಕೀಲರು ಇಡೀ ಫೈಲನ್ನು ತಡೆಹಿಡಿಯುತ್ತಾರೆ.

ಅಡಿಕೆ ತೋಟ ಇರುವವರು ಇನ್ನೊಂದು ಕಡೆ ಎಡವುತ್ತಾರೆ. ತೋಟಕ್ಕೆ ಸೇರಿದ ಸೊಪ್ಪಿನ ಬೆಟ್ಟವನ್ನೂ ತಮ್ಮದೇ ಅಂದುಕೊಂಡು ಲೆಕ್ಕಕ್ಕೆ ಹಿಡಿಯುತ್ತಾರೆ. ಅಲ್ಲಿ ನಿಮಗಿರುವುದು ಸೊಪ್ಪು, ದರಗು, ಸೌದೆ ತರುವ ಸವಲತ್ತು. ಅದು ಬಡಾವಣೆಗೆ ಬರುವುದಿಲ್ಲ. ಕಾನು (ಮಲೆನಾಡಿನ ದಟ್ಟ ಕಾಡು) ಜಮೀನಿನದ್ದೂ ಹೀಗೇ ತಕರಾರು. ಇದರ ಜೊತೆ 1996ರ ಡಿಸೆಂಬರ್ 12ರ ಗೋದಾವರ್ಮನ್ ಪ್ರಕರಣದ ಆದೇಶ ಇದೆ. ಮಾಲೀಕರು ಯಾರೇ ಇರಲಿ, ನೋಡಲು ಕಾಡಿನಂತಿದ್ದರೆ ಅದಕ್ಕೆ ಅರಣ್ಯ ಕಾನೂನು ಅನ್ವಯಿಸುತ್ತದೆ ಅಂತ ಸುಪ್ರೀಂ ಕೋರ್ಟ್ ಹೇಳಿತು. ಡೀಮ್ಡ್ ಫಾರೆಸ್ಟ್ (ಕಾಡು ಅಂತ ಪರಿಗಣಿಸಿದ ಜಾಗ) ಪಟ್ಟಿ ಹುಟ್ಟಿದ್ದು ಅಲ್ಲಿಂದಲೇ. ಶರಾವತಿ ಮುಳುಗಡೆ ಸಂತ್ರಸ್ತರಿಗೆ ಕೊಟ್ಟ ಜಮೀನುಗಳಲ್ಲಿ ಕಂದಾಯ ದಾಖಲೆ ಒಂದು ಹೇಳುತ್ತದೆ, ಅರಣ್ಯ ದಾಖಲೆ ಇನ್ನೊಂದು ಹೇಳುತ್ತದೆ. ಇಂಥ ಕಡೆ ಅರಣ್ಯ ಇಲಾಖೆಯ ಲಿಖಿತ ಅಭಿಪ್ರಾಯ ಇಲ್ಲದೆ ಮುಂಗಡ ಕೊಡಬೇಡಿ.

ಕೊನೆಗೆ ಮನೆಯವರ ಸಹಿ. ಹೆಣ್ಣುಮಕ್ಕಳ ಪಾಲಿನ ಹಕ್ಕನ್ನು ಕರ್ನಾಟಕ 1994ರಲ್ಲೇ ತಂದಿತು, 2005ರಲ್ಲಿ ಇಡೀ ದೇಶಕ್ಕೆ ಬಂತು. "ಅಕ್ಕ ಏನೂ ಕೇಳುವುದಿಲ್ಲ" ಅನ್ನುವುದು ದಾಖಲೆ ಆಗುವುದಿಲ್ಲ. ಅಕ್ಕನ ಸಹಿ ಆಗುತ್ತದೆ.

ಕೃಷಿಕರಲ್ಲದವರೂ ಈಗ ಜಮೀನು ಕೊಳ್ಳಬಹುದು ಅಂತಾರೆ. ಅಷ್ಟಕ್ಕೆ ಸಾಕಲ್ವಾ?

2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳನ್ನು ತೆಗೆದದ್ದು ನಿಜ. ಕೊಳ್ಳಲು ದಾರಿ ಸುಲಭವಾಯಿತು. ಆದರೆ ಭೂಮಿತಿ, ಅಂದರೆ ಎಷ್ಟು ಕೃಷಿ ಜಮೀನು ಇಟ್ಟುಕೊಳ್ಳಬಹುದು ಅನ್ನುವ ಮಿತಿ, ಇನ್ನೂ ಇದೆ, ಕನ್ವರ್ಷನ್ ಬೇಕೇ ಬೇಕು. ಕೊಂಡ ಮಾತ್ರಕ್ಕೆ ಬಡಾವಣೆ ಆಗುವುದಿಲ್ಲ.

ನಮ್ಮ ಜಾಗ ಮಾಸ್ಟರ್ ಪ್ಲಾನ್‌ನಲ್ಲಿ ಕೃಷಿ ವಲಯ. ಮಿಶ್ರ ಬಳಕೆಗೆ ಏನು ದಾರಿ?

ಎರಡು ದಾರಿ ಇವೆ. ಒಂದು, ಯೋಜನೆ ಕಾಯ್ದೆಯ 14-ಎ ಕಲಂ ಕೆಳಗೆ ಭೂಬಳಕೆ ಬದಲಾವಣೆ ಕೇಳುವುದು. ಪ್ರಾಧಿಕಾರ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಆಕ್ಷೇಪಣೆ ಕರೆದು, ಸರ್ಕಾರದ ಒಪ್ಪಿಗೆ ತಂದು ಆಮೇಲೆ ಆದೇಶ ಮಾಡುತ್ತದೆ. ಶುಲ್ಕವೂ ಇದೆ. ಇಲ್ಲಿ "ನಮಗೆ ಲಾಭ" ಅನ್ನುವುದು ಕಾರಣ ಆಗುವುದಿಲ್ಲ. ಪಕ್ಕದ ರಸ್ತೆ ಅಗಲವಾಗಿದೆ, ಸುತ್ತ ಬಡಾವಣೆ ಬಂದಿದೆ, ನೀರಿನ ಮುಖ್ಯ ಕೊಳವೆ ಹತ್ತಿರ ಇದೆ, ಹೀಗೆ ಊರಿನ ಪರಿಸ್ಥಿತಿಯೇ ಬದಲಾಗಿದೆ ಅಂತ ನಕ್ಷೆ, ಫೋಟೋ ಸಮೇತ ತೋರಿಸಬೇಕು.

ಇನ್ನೊಂದು, ಮಾಸ್ಟರ್ ಪ್ಲಾನ್ ಪರಿಷ್ಕರಣೆಗೆ ಕಾಯುವುದು. ಕಾಯ್ದೆ ಪ್ರಕಾರ ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು. ಕರಡು ಪ್ರಕಟವಾದಾಗ ಆಕ್ಷೇಪಣೆ, ಸಲಹೆ ಕೊಡಲು ಅವಕಾಶ ಇರುತ್ತದೆ. ಆ ಹೊತ್ತಿಗೆ ಒಂದು ಅರ್ಜಿ ಕೊಟ್ಟು ಸ್ವೀಕೃತಿ ಇಟ್ಟುಕೊಂಡವರು ಆಮೇಲೆ ಕಡಿಮೆ ಓಡಾಡುತ್ತಾರೆ. ನನ್ನನ್ನು ಕೇಳಿದರೆ, ಪರಿಷ್ಕರಣೆ ಹತ್ತಿರ ಇದ್ದರೆ ಅದರಲ್ಲೇ ಕೇಳುವುದು ಒಳ್ಳೆಯದು. ಒಂಟಿ ಸರ್ವೆ ನಂಬರಿಗೆ ಮಾಸ್ಟರ್ ಪ್ಲಾನ್ ನಕ್ಷೆಯಲ್ಲಿ ವಲಯದ ಬಣ್ಣ ಬದಲಿಸಿದರೆ ಯಾವತ್ತಾದರೂ ಯಾರಾದರೂ ಕೋರ್ಟಿಗೆ ಹೋಗುತ್ತಾರೆ. ಇಡೀ ಪ್ರದೇಶಕ್ಕೆ ಸೇರಿ ಬದಲಾದದ್ದನ್ನು ಅಲ್ಲಾಡಿಸುವುದು ಕಷ್ಟ.

ಕನ್ವರ್ಷನ್ ಯಾವ ಉದ್ದೇಶಕ್ಕೆ ಕೇಳಬೇಕು, ವಸತಿಗಾ, ವಾಣಿಜ್ಯಕ್ಕಾ?

ಇದು ಬಹಳ ಜನ ಯೋಚಿಸದೇ ಬಿಡುವ ವಿಷಯ. 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಕೆಳಗೆ ಸಿಗುವ ಆದೇಶದಲ್ಲಿ ಉದ್ದೇಶ ಬರೆದಿರುತ್ತದೆ. ಶುಲ್ಕ ಕಡಿಮೆ ಅಂತ ನಲವತ್ತು ಎಕರೆಯನ್ನೂ ವಸತಿಗೆ ಮಾಡಿಸಿಕೊಂಡರೆ, ಮುಂದೆ ಹೋಟೆಲ್ಲಿಗೋ ಛತ್ರಕ್ಕೋ ನಕ್ಷೆ ಹಾಕಿದ ದಿನ ಮತ್ತೆ ಡಿಸಿ ಆಫೀಸಿಗೆ ಹೋಗಬೇಕು. ಅದಕ್ಕಿಂತ, ರಸ್ತೆ ಕಡೆಯ ಪಟ್ಟಿಯನ್ನು ಮತ್ತು ನಡುವಿನ ಒಂದೆರಡು ಬ್ಲಾಕುಗಳನ್ನು ಮೊದಲೇ 11ಇ ಸ್ಕೆಚ್ (ಜಮೀನು ಭಾಗ ಮಾಡುವ ಸರ್ವೆ ನಕ್ಷೆ) ಮಾಡಿಸಿ ಬೇರೆ ಹಿಸ್ಸಾ (ಉಪ ಸರ್ವೆ ನಂಬರು) ಮಾಡಿ, ಅಷ್ಟಕ್ಕೆ ವಾಣಿಜ್ಯ ಉದ್ದೇಶ ಕೇಳಿ. ಉಳಿದದ್ದು ವಸತಿ ಇರಲಿ.

ಮಾಸ್ಟರ್ ಪ್ಲಾನ್ ಬಣ್ಣ ಮತ್ತು ಕನ್ವರ್ಷನ್ ಉದ್ದೇಶ ಎರಡೂ ಹೊಂದಬೇಕು. ಒಂದು ವಾಣಿಜ್ಯ ಅಂದು ಇನ್ನೊಂದು ವಸತಿ ಅಂದರೆ ಫೈಲು ಅಲ್ಲೇ ಕೂರುತ್ತದೆ. ಪೋಡಿ ಆಗದ, ಅಂದರೆ ಅಳತೆ ಮಾಡಿ ಪಾಲು ಬೇರ್ಪಡಿಸದ, ಬಹುಮಾಲೀಕತ್ವದ ಪಹಣಿ ಇದ್ದರೆ ಮೊದಲು ಅದನ್ನು ಬಿಡಿಸಿ. ಸರ್ವೆಯವರು ಹದ್ದುಬಸ್ತು (ಗಡಿ ಗುರುತು) ಮಾಡುವ ಮೊದಲು ಆರ್ಕಿಟೆಕ್ಟ್‌ಗೆ ದುಡ್ಡು ಕೊಟ್ಟರೆ ನಕ್ಷೆಯನ್ನು ಎರಡು ಸಲ ಬರೆಸಬೇಕಾಗುತ್ತದೆ.

ಒಂದೇ ನಕ್ಷೆಯಲ್ಲಿ ಮಿಶ್ರ ಬಳಕೆ ತರಲು ಪ್ರಾಧಿಕಾರ ಒಪ್ಪುತ್ತದಾ? ಸಡಿಲಿಕೆ ನಿಜವಾಗಿ ಸಿಗುವುದು ಎಲ್ಲಿ?

ಒಪ್ಪುತ್ತದೆ, ಆದರೆ "ಮಿಶ್ರ" ಅಂತ ಒಂದು ಪದ ಬರೆದು ಕೊಟ್ಟರೆ ಏನೂ ಆಗುವುದಿಲ್ಲ. ವಲಯ ನಿಯಮಾವಳಿ ತೆಗೆದು ಓದಿ. ಪ್ರತಿ ವಲಯಕ್ಕೂ ಎರಡು ಪಟ್ಟಿ ಇರುತ್ತವೆ. ಒಂದು ನೇರವಾಗಿ ಅನುಮತಿ ಇರುವ ಬಳಕೆಗಳು. ಇನ್ನೊಂದು ವಿಶೇಷ ಸಂದರ್ಭದಲ್ಲಿ ಪ್ರಾಧಿಕಾರ ಒಪ್ಪಬಹುದಾದ ಬಳಕೆಗಳು. ನಿಮಗೆ ಮುಂದೆ ಬೇಕಾಗಬಹುದಾದ ಎಲ್ಲವನ್ನೂ ಈ ಎರಡು ಪಟ್ಟಿಯಿಂದಲೇ ಆರಿಸಿ, ಬ್ಲಾಕ್‌ವಾರು ಅರ್ಜಿಯಲ್ಲಿ ಬರೆಯಿರಿ. "ಬ್ಲಾಕ್ ಸಿ: ಅಂಗಡಿ, ಕಚೇರಿ, ಕ್ಲಿನಿಕ್, ಬ್ಯಾಂಕ್, ಮೇಲಿನ ಮಹಡಿಗಳಲ್ಲಿ ವಸತಿ" ಅಂತ ಆದೇಶದಲ್ಲಿ ಬಂದರೆ ಆ ಐದರೊಳಗೆ ನೀವು ಓಡಾಡಬಹುದು.

ಎರಡನೇ ಜಾಗ, ದೊಡ್ಡ ತುಂಡುಗಳು. ಎಲ್ಲವನ್ನೂ ಮೊದಲೇ ಸೈಟು ಸೈಟು ಕತ್ತರಿಸಬೇಡಿ. ಎರಡು ಮೂರು ಎಕರೆಯ ಒಂದೆರಡು ತುಂಡನ್ನು ಗುಂಪು ವಸತಿಗೆ, ವಾಣಿಜ್ಯಕ್ಕೆ ಅಂತ ಇಡಿಯಾಗಿ ಇಟ್ಟುಕೊಳ್ಳಿ. ಬಡಾವಣೆ ಮಂಜೂರಾತಿ ಆದ ಮೇಲೆ ಆ ತುಂಡಿಗೆ ಕಟ್ಟಡದ ನಕ್ಷೆ ಬೇರೆಯಾಗಿ ಹಾಕಬಹುದು. ಆಗ ಬದಲಾವಣೆ ಆ ತುಂಡಿನೊಳಗೇ ನಡೆಯುತ್ತದೆ, ಇಡೀ ಬಡಾವಣೆಯ ನಕ್ಷೆ ಮುಟ್ಟುವ ಪ್ರಮೇಯ ಬರುವುದಿಲ್ಲ.

ಮೂರನೆಯದು, ಇದನ್ನು ಯಾರೂ ಕೇಳುವುದಿಲ್ಲ, ಆದರೆ ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ದೊಡ್ಡದು: ರಸ್ತೆಯ ಅಗಲ. ನಮ್ಮ ನಿಯಮಾವಳಿಗಳಲ್ಲಿ ಯಾವ ಬಳಕೆ ಬರಬಹುದು, ಎಷ್ಟು ಎಫ್‌ಎಆರ್ (ಜಾಗದ ಅಳತೆಗೆ ಎಷ್ಟು ಪಟ್ಟು ಕಟ್ಟಡ ಕಟ್ಟಬಹುದು ಅನ್ನುವ ಅನುಪಾತ) ಸಿಗುತ್ತದೆ, ಎಷ್ಟು ಎತ್ತರ ಕಟ್ಟಬಹುದು ಅನ್ನುವುದೆಲ್ಲ ಎದುರಿನ ರಸ್ತೆಯ ಅಗಲಕ್ಕೆ ಕಟ್ಟಿಹಾಕಿದೆ. ನಾಲ್ಕು ಸೈಟು ಉಳಿಸಲು ಮುಖ್ಯ ರಸ್ತೆಯನ್ನು 9 ಮೀಟರಿಗೆ ಇಳಿಸಿದವರು, ಮುಂದೆ ಅದೇ ರಸ್ತೆಯಲ್ಲಿ ಆಸ್ಪತ್ರೆಗೋ ಛತ್ರಕ್ಕೋ ಅನುಮತಿ ಸಿಗದೆ ಕೈ ಕಟ್ಟಿಕೊಂಡು ಕೂರುತ್ತಾರೆ. ಒಂದು 18 ಮೀಟರ್ ರಸ್ತೆಯನ್ನು ಜಾಗದ ಈ ತುದಿಯಿಂದ ಆ ತುದಿಗೆ ಎಳೆದರೆ ಅದರ ಎರಡೂ ಬದಿ ಮುಂದಿನ ಎಷ್ಟೋ ವರ್ಷಕ್ಕೆ ನಿಮ್ಮ ಕೈಯಲ್ಲಿ ಇರುತ್ತದೆ. ಅಕ್ಕಪಕ್ಕದ ಜಮೀನಿನವರು ನಾಳೆ ಬಡಾವಣೆ ಮಾಡಿದಾಗ ರಸ್ತೆ ಕೂಡಿಸಲೂ ಅನುಕೂಲ. ಪ್ರಾಧಿಕಾರದ ಮುಂದೆ ಇದು ಒಳ್ಳೆಯ ವಾದವೂ ಹೌದು, ಯಾಕೆಂದರೆ ಊರಿಗೂ ಒಂದು ರಸ್ತೆ ಸಿಕ್ಕಿತು.

ಪಾರ್ಕು, ಸಿಎ (ಸಾರ್ವಜನಿಕ ಸೌಕರ್ಯದ) ಜಾಗ, ರಸ್ತೆ ಅಂತ ಬಹಳ ಹೋಗುತ್ತದೆ. ಅದನ್ನೂ ಆಮೇಲೆ ಬದಲಿಸಬಹುದಾ?

ಹೋಗುತ್ತದೆ. ಮಾರಲು ಸಿಗುವ ಜಾಗ ಒಟ್ಟು ಜಮೀನಿನ ಅರ್ಧಕ್ಕಿಂತ ಸ್ವಲ್ಪ ಮೇಲೆ ಅಂತ ಲೆಕ್ಕ ಹಾಕಿಕೊಂಡೇ ಇಳಿಯಿರಿ. ರಸ್ತೆ, ಪಾರ್ಕು, ಸಾರ್ವಜನಿಕ ಸೌಕರ್ಯದ ಜಾಗವನ್ನು ಪರಿತ್ಯಾಜನ ಪತ್ರ ಬರೆದು ಪ್ರಾಧಿಕಾರಕ್ಕೆ ಬಿಟ್ಟುಕೊಡಬೇಕು. ಸೈಟುಗಳನ್ನೂ ಕೆಲಸ ಆದ ಹಾಗೆ ಹಂತ ಹಂತವಾಗಿ ಬಿಡುಗಡೆ ಮಾಡುತ್ತಾರೆ.

ಬದಲಿಸುವ ಮಾತು ಮರೆತುಬಿಡಿ. ಬೆಂಗಳೂರಿನಲ್ಲಿ ಪಾರ್ಕಿಗೆ ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್‌ಗೆ ಕೊಟ್ಟದ್ದನ್ನು 1991ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಅದು ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣ. ಆಸ್ಪತ್ರೆ ಒಳ್ಳೆಯದೇ ಅಲ್ವಾ ಅನ್ನುವ ವಾದ ಅಲ್ಲಿ ನಡೆಯಲಿಲ್ಲ. ಪಾರ್ಕು ಅಂದರೆ ಪಾರ್ಕೇ. ಮೇಲಿಂದ ಆದೇಶ ಬಂದಿತ್ತು ಅನ್ನುವುದೂ ಉಳಿಸಲಿಲ್ಲ.

ಹಾಗಾಗಿ ಎಲ್ಲಿ ಬಿಡುತ್ತೀರಿ ಅನ್ನುವುದನ್ನು ಮೊದಲೇ ಚೆನ್ನಾಗಿ ಯೋಚಿಸಿ. ಮೂಲೆಯ ಗುಂಡಿ ಜಾಗವನ್ನು ಪಾರ್ಕು ಅಂತ ತೋರಿಸುವ ಹಳೇ ಚಾಳಿ ಬಿಡಿ. ಹಳ್ಳದ ಬದಿಯನ್ನು ಉದ್ದಕ್ಕೂ ಹಸಿರು ಮಾಡಿದರೆ ನೀರಿಗೂ ಜಾಗ, ಸೈಟಿಗೂ ಬೆಲೆ.

ಸೈಟು ಮಾರಿದ ಮೇಲೆ ನಕ್ಷೆ ಬದಲಿಸಬಹುದಾ? ರೇರಾ ಏನು ಹೇಳುತ್ತದೆ?

ಜಾಗ 500 ಚದರ ಮೀಟರ್ ದಾಟಿದರೆ, ಅಥವಾ ಮನೆಗಳು ಎಂಟಕ್ಕಿಂತ ಜಾಸ್ತಿ ಇದ್ದರೆ 2016ರ ರೇರಾ ಕಾಯ್ದೆ ಕೆಳಗೆ ನೋಂದಣಿ ಬೇಕು. ನೋಂದಣಿ ಆಗದೆ ಜಾಹೀರಾತನ್ನೂ ಕೊಡುವ ಹಾಗಿಲ್ಲ, ಮುಂಗಡವನ್ನೂ ತೆಗೆದುಕೊಳ್ಳುವ ಹಾಗಿಲ್ಲ. ಕೊಂಡವರು ಕೊಟ್ಟ ಹಣದ ಶೇ 70ನ್ನು ಬೇರೆ ಖಾತೆಯಲ್ಲಿ ಇಟ್ಟು, ಆ ಯೋಜನೆಯ ಕೆಲಸಕ್ಕೆ ಮತ್ತು ಜಮೀನಿನ ವೆಚ್ಚಕ್ಕೇ ಬಳಸಬೇಕು.

ಈಗ ಮುಖ್ಯ ವಿಷಯ. ಈ ಕಾಯ್ದೆಯ 14ನೇ ಕಲಂ ಪ್ರಕಾರ, ಮಂಜೂರಾದ ನಕ್ಷೆಯನ್ನು ಬದಲಿಸಲು ಕೊಂಡವರಲ್ಲಿ ಮೂರನೇ ಎರಡು ಭಾಗ ಜನ ಮೊದಲೇ ಲಿಖಿತವಾಗಿ ಒಪ್ಪಬೇಕು. ನಿಮ್ಮ ಕೈಯಲ್ಲಿ ಉಳಿದ ಸೈಟುಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಒಂದೇ ಮನೆಯವರು ಹತ್ತು ಸೈಟು ಕೊಂಡಿದ್ದರೂ ಅವರದ್ದು ಒಂದೇ ಮತ. ಅಂದರೆ ಸ್ನೇಹಿತರೊಬ್ಬರಿಗೆ ಇಪ್ಪತ್ತು ಸೈಟು ಬರೆದುಕೊಟ್ಟು ಸಹಿ ಒಟ್ಟು ಮಾಡುವ ಉಪಾಯ ನಡೆಯುವುದಿಲ್ಲ. ಮೊದಲ ಸೈಟು ಮಾರಿದ ದಿನದಿಂದ ಸಡಿಲಿಕೆಯ ಬೀಗದ ಕೈ ಕೊಂಡವರ ಹತ್ತಿರ ಹೋಗುತ್ತದೆ.

ಇದಕ್ಕೆ ಪರಿಹಾರ ಹಂತಗಳು. ರೇರಾದಲ್ಲಿ ಪ್ರತಿ ಹಂತವನ್ನೂ ಬೇರೆ ಯೋಜನೆ ಅಂತ ನೋಂದಾಯಿಸಬಹುದು. ಗಟ್ಟಿಯಾದ ಭಾಗವನ್ನು, ಅಂದರೆ ಸಾಮಾನ್ಯ ವಸತಿ ಸೈಟುಗಳನ್ನು, ಮೊದಲ ಹಂತ ಮಾಡಿ. ಯಾವುದು ಏನಾಗುತ್ತದೆ ಅಂತ ನಿಮಗೇ ಖಚಿತ ಇಲ್ಲದ ಬ್ಲಾಕುಗಳನ್ನು ಕೊನೆಯ ಹಂತಕ್ಕೆ ಇಡಿ. ಮೊದಲ ಹಂತದ ಕ್ರಯ ಕರಾರಿನಲ್ಲಿ "ಬ್ಲಾಕ್ ಸಿ ಮತ್ತು ಡಿ ಬೇರೆ ಹಂತ, ಮಂಜೂರಾದ ಬಳಕೆಗಳಲ್ಲಿ ಯಾವುದಾದರೂ ಬರಬಹುದು" ಅಂತ ಸ್ಪಷ್ಟವಾಗಿ ಬರೆಯಿರಿ.

ಬ್ರೋಷರ್ ಬಗ್ಗೆಯೂ ಎಚ್ಚರ. ಮಾಲ್, ಈಜುಕೊಳ, ಅಂತಾರಾಷ್ಟ್ರೀಯ ಶಾಲೆ ಅಂತೆಲ್ಲ ಚಿತ್ರ ಹಾಕಿ ಹಂಚಿದರೆ, ಅದನ್ನು ನಂಬಿ ದುಡ್ಡು ಕೊಟ್ಟವರು ಪರಿಹಾರ ಕೇಳಬಹುದು. ಅದಕ್ಕೆ 12ನೇ ಕಲಂ ಇದೆ. ಡಿಸೈನರ್ ಸುಂದರವಾಗಿ ಬಿಡಿಸಿದ್ದಾರೆ ಅಂತ ಖುಷಿಪಟ್ಟು ಸುಮ್ಮನಾಗಬೇಡಿ, ಪ್ರತಿ ಪುಟವನ್ನೂ ಮಂಜೂರಾತಿ ಆದೇಶದ ಜೊತೆ ಹಿಡಿದು ನೋಡಿ.

ಪರಿಸರ ಅನುಮತಿ ಎಷ್ಟು ದೊಡ್ಡದಕ್ಕೆ ಬೇಕು?

2006ರ ಇಐಎ (ಪರಿಸರ ಪರಿಣಾಮ ಅಂದಾಜು) ಅಧಿಸೂಚನೆ ಪ್ರಕಾರ ಕಟ್ಟಡದ ಒಟ್ಟು ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿದರೆ ಪೂರ್ವ ಪರಿಸರ ಅನುಮತಿ ಬೇಕು. ಜಾಗ 50 ಹೆಕ್ಟೇರ್, ಅಂದರೆ ಸುಮಾರು 123 ಎಕರೆ, ಅಥವಾ ಕಟ್ಟಡ 1,50,000 ಚದರ ಮೀಟರ್ ಮುಟ್ಟಿದರೆ ಟೌನ್‌ಶಿಪ್ ವರ್ಗಕ್ಕೆ ಹೋಗುತ್ತದೆ. ಇದರ ಜೊತೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಯೂ ಬೇಕು.

ಒಂದೇ ಯೋಜನೆಯನ್ನು ನಾಲ್ಕು ಹೆಸರಲ್ಲಿ ತುಂಡು ಮಾಡಿ ಮಿತಿಯೊಳಗೆ ತೋರಿಸುವ ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ಕೇಳಬೇಡಿ. ಒಂದೇ ಗೇಟು, ಒಂದೇ ರಸ್ತೆ, ಒಂದೇ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಇದ್ದರೆ ಯಾರಿಗಾದರೂ ಅರ್ಥವಾಗುತ್ತದೆ. ಸಡಿಲಿಕೆ ಬೇಕಾದವರು ಇಲ್ಲಿ ಉಲ್ಟಾ ಮಾಡಬೇಕು. ಮುಂದೆ ಬರಬಹುದಾದ ಗರಿಷ್ಠ ಕಟ್ಟಡವನ್ನು ಲೆಕ್ಕ ಹಾಕಿ ಅಷ್ಟಕ್ಕೂ ಒಮ್ಮೆಲೇ ಅನುಮತಿ ಪಡೆದರೆ, ಆ ಮಿತಿಯೊಳಗೆ ಆಮೇಲೆ ಕಡಿಮೆ ಕಟ್ಟಿದರೆ ತೊಂದರೆ ಇಲ್ಲ.

ಕಸ್ತೂರಿರಂಗನ್ ವರದಿ, ಅಭಯಾರಣ್ಯ ಇವೆಲ್ಲ ನಮ್ಮ ಜಾಗಕ್ಕೆ ಬರುತ್ತವಾ?

ಜಾಗ ಯಾವ ಗ್ರಾಮದಲ್ಲಿದೆ ಅನ್ನುವುದರ ಮೇಲೆ. ಕಸ್ತೂರಿರಂಗನ್ ವರದಿ ಆಧರಿಸಿ, ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಯನ್ನು ಕೇಂದ್ರ 2014ರಿಂದ ಮತ್ತೆ ಮತ್ತೆ ಹೊರಡಿಸಿದೆ, 2024ರ ಜುಲೈನಲ್ಲೂ ಬಂತು. ರಾಜ್ಯ ಸಚಿವ ಸಂಪುಟ 2024ರ ಸೆಪ್ಟೆಂಬರ್‌ನಲ್ಲಿ ವರದಿಯನ್ನು ತಿರಸ್ಕರಿಸಿತು. ಕರಡು ಪಟ್ಟಿಯಲ್ಲಿ ಜಿಲ್ಲೆಯ ನೂರಾರು ಗ್ರಾಮಗಳಿವೆ. ಅದು ಅಂತಿಮವಾದರೆ ಆ ಗ್ರಾಮಗಳಲ್ಲಿ 20,000 ಚದರ ಮೀಟರಿನ ಮೇಲಿನ ಹೊಸ ಕಟ್ಟಡ ಯೋಜನೆಗಳಿಗೂ 50 ಹೆಕ್ಟೇರಿನ ಟೌನ್‌ಶಿಪ್‌ಗೂ ಅವಕಾಶ ಇರುವುದಿಲ್ಲ. ಹತ್ತು ವರ್ಷದ ಯೋಜನೆಗೆ ಇಳಿಯುವವರು ಕರಡು ಪಟ್ಟಿಯ ಗ್ರಾಮದಲ್ಲಿ ದೊಡ್ಡ ದುಡ್ಡು ಹಾಕುವುದು ನನಗೆ ಸರಿ ಕಾಣುವುದಿಲ್ಲ.

ನಗರದ ಪಶ್ಚಿಮಕ್ಕೆ, ಸಕ್ರೆಬೈಲು, ಗಾಜನೂರು ಕಡೆ ಜಾಗ ನೋಡುವವರು ಶೆಟ್ಟಿಹಳ್ಳಿ ಅಭಯಾರಣ್ಯದ ಗಡಿ ಎಷ್ಟು ದೂರ ಅಂತ ಅರಣ್ಯ ಇಲಾಖೆಯಿಂದ ಬರೆಸಿಕೊಳ್ಳಿ. ತೇಗ, ಬೀಟೆ, ಗಂಧದ ಮರ ಇದ್ದರೆ ಕಡಿಯುವ ಅನುಮತಿ ಬೇರೆ.

ವಿಮಾನ ನಿಲ್ದಾಣ ಹತ್ತಿರ ಇದೆ. ಎತ್ತರಕ್ಕೆ ಕಟ್ಟಬಹುದಾ?

ನಿಲ್ದಾಣದ ಸುತ್ತ 20 ಕಿಲೋಮೀಟರ್ ವರೆಗೂ ಎತ್ತರದ ನಿಯಮ ಬರುತ್ತದೆ. ಶಿವಮೊಗ್ಗ ನಗರ ಪೂರ್ತಿ ಅದರೊಳಗೇ. ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ಎನ್‌ಒಸಿಯಲ್ಲಿ (ನಿರಾಕ್ಷೇಪಣಾ ಪತ್ರ) ಎತ್ತರವನ್ನು ಸಮುದ್ರ ಮಟ್ಟದಿಂದ ಲೆಕ್ಕ ಹಾಕುತ್ತಾರೆ. ಹಾಗಾಗಿ ನಿಮ್ಮ ಜಾಗ ಗುಡ್ಡದ ಮೇಲಿದ್ದರೆ ಗುಡ್ಡವೇ ಅರ್ಧ ಎತ್ತರ ತಿಂದಿರುತ್ತದೆ. ನೀರಿನ ಟ್ಯಾಂಕು, ಲಿಫ್ಟ್ ರೂಮು, ಮೊಬೈಲ್ ಟವರ್ ಎಲ್ಲ ಸೇರಿಯೇ ಲೆಕ್ಕ. ಅಪಾರ್ಟ್‌ಮೆಂಟ್ ಬ್ಲಾಕನ್ನು ತಗ್ಗಿನ ಕಡೆಗೂ ಸೈಟುಗಳನ್ನು ದಿಬ್ಬದ ಕಡೆಗೂ ಇಡುವುದು ಬುದ್ಧಿವಂತಿಕೆ. ಆದರೆ ತಗ್ಗಿನಲ್ಲಿ ನೀರಿನ ಪ್ರಶ್ನೆ ಬರುತ್ತದೆ.

ನೀರು ಹರಿಯುವ ದಾರಿ ಬಗ್ಗೆ ಎಷ್ಟು ತಲೆಕೆಡಿಸಿಕೊಳ್ಳಬೇಕು?

2019ರ ಆಗಸ್ಟ್‌ನಲ್ಲಿ ತುಂಗೆ ತುಂಬಿ ನಗರದ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿದ್ದನ್ನು ನೋಡಿದವರು ಈ ಪ್ರಶ್ನೆ ಕೇಳುವುದಿಲ್ಲ. ಜಾಗವನ್ನು ಮಾರ್ಚಿಯಲ್ಲಿ ನೋಡಿ ಮುಂಗಡ ಕೊಡಬೇಡಿ. ಜುಲೈಯಲ್ಲಿ, ಎರಡು ದಿನ ಬಿಡದೆ ಮಳೆ ಹೊಡೆದ ಮೇಲೆ, ಗಂಬೂಟು ಹಾಕಿಕೊಂಡು ಹೋಗಿ ನೋಡಿ. ನಕ್ಷೆಯಲ್ಲಿ ಇಲ್ಲದ ಹಳ್ಳಗಳು ಅವತ್ತು ಕಾಣುತ್ತವೆ.

ತುಂಗಾ ನಾಲೆಗಳು ಹಾದುಹೋಗುವ ಕಡೆ ಸೇತುವೆ, ಮೋರಿಗೆ ನೀರಾವರಿ ಇಲಾಖೆಯ ಒಪ್ಪಿಗೆ ಬೇಕು. ಕೆರೆ ಇದ್ದರೆ ಅದರ ಅಂಚಿನಿಂದ ಬಿಡಬೇಕಾದ ಜಾಗ ಬೇರೆ. ಬಡಾವಣೆಯ ನೀರನ್ನು ಕೆಳಗಿನ ಗದ್ದೆಗೆ ಬಿಟ್ಟರೆ ಆ ಗದ್ದೆಯವರು ಸುಮ್ಮನಿರುತ್ತಾರಾ? ಹರಿಯುವ ನೀರಿನ ಲೆಕ್ಕ ಮಾಡಿ, ಚರಂಡಿಯ ಅಳತೆ ಸಮೇತ ಅರ್ಜಿಯೊಂದಿಗೇ ಕೊಡಿ. ಸಡಿಲಿಕೆ ಕೇಳುವಾಗ ಅಧಿಕಾರಿಗಳಿಗೆ ಧೈರ್ಯ ಬರುವುದು ಇಂಥ ಕಾಗದದಿಂದ.

ಅಕ್ಕಪಕ್ಕದವರು ಆಕ್ಷೇಪಣೆ ಹಾಕಿದರೆ?

ಹಾಕುವ ಮೊದಲೇ ಹೋಗಿ ಮಾತಾಡಿ. ಬಹಳಷ್ಟು ಆಕ್ಷೇಪಣೆಗಳ ಹಿಂದೆ ಇರುವುದು ದೊಡ್ಡ ತತ್ವ ಏನಲ್ಲ. ತೋಟಕ್ಕೆ ಹೋಗುವ ದಾರಿ, ಗದ್ದೆಗೆ ಬರುವ ಕಾಲುವೆ, ದನ ಹೋಗುವ ಓಣಿ, ಚೌಡಮ್ಮನ ಕಟ್ಟೆ, ನಾಗರ ಬನ, ಸ್ಮಶಾನದ ದಾರಿ. ಇವನ್ನು ನಕ್ಷೆಯಲ್ಲಿ ಇದ್ದ ಹಾಗೇ ಉಳಿಸಿ, ಉಳಿಸಿದ್ದನ್ನು ಅವರಿಗೆ ತೋರಿಸಿ. ಊರಿನ ಹಿರಿಯರನ್ನು ಕೂರಿಸಿಕೊಂಡು ಕೇಳಿದರೆ ಸರ್ವೆಯಲ್ಲಿ ಇಲ್ಲದ್ದನ್ನೂ ಹೇಳುತ್ತಾರೆ. ಚೌಡಿ ಕಟ್ಟೆಯ ಮೇಲೆ ರಸ್ತೆ ಎಳೆದರೆ ಕೋರ್ಟಿನ ತಡೆಯಾಜ್ಞೆಗಿಂತ ಮೊದಲೇ ಕೆಲಸ ನಿಲ್ಲುತ್ತದೆ. ಜೆಸಿಬಿ ಡ್ರೈವರೇ ಒಲ್ಲೆ ಅನ್ನುತ್ತಾನೆ.

ಬೇರೆ ದೇಶಗಳಲ್ಲಿ ಡೆವಲಪರ್ ಜೊತೆ ಊರಿನ ಆಡಳಿತವೇ ಕರಾರು ಮಾಡಿಕೊಳ್ಳುತ್ತದಂತೆ?

ಹೌದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1979ರಲ್ಲಿ ಇದಕ್ಕೇ ಕಾನೂನು ತಂದರು. ಕರಾರಿನ ಅವಧಿ ಮುಗಿಯುವ ತನಕ, ಸಹಿ ಮಾಡಿದ ದಿನದ ನಿಯಮವೇ ಆ ಯೋಜನೆಗೆ ಅನ್ವಯಿಸುತ್ತದೆ, ಬದಲಿಗೆ ಡೆವಲಪರ್ ರಸ್ತೆ, ಪಾರ್ಕು ಇತ್ಯಾದಿ ಮಾಡಿಕೊಡಬೇಕು. ನಮ್ಮಲ್ಲಿ ಆ ಪದ್ಧತಿ ಇಲ್ಲ. ನಮಗೆ ಆದೇಶ ಮತ್ತು ಅದರ ಷರತ್ತುಗಳೇ ಆಧಾರ. ಅದಕ್ಕೇ ಷರತ್ತಿನ ಪ್ರತಿ ಸಾಲನ್ನೂ ಕರಡು ಹಂತದಲ್ಲೇ ಓದಿ ಅಂತ ಹೇಳುವುದು.

ಬೇಗ ಆಗಬೇಕು ಅಂದರೆ "ಒಳಗಿನವರನ್ನು ನೋಡಿಕೊಳ್ಳಬೇಕು" ಅಂತಾರಲ್ಲ?

ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿಯಾದ ಮೇಲೆ ಲಂಚ ಕೊಡುವುದೂ ಅಪರಾಧ. ಅದು ಹೋಗಲಿ, ಬಾಯಿಮಾತಿನ ಭರವಸೆ ಕೊಟ್ಟವರು ಮುಂದಿನ ವರ್ಗಾವಣೆಯಲ್ಲಿ ಬೇರೆ ಊರಿಗೆ ಹೋಗಿರುತ್ತಾರೆ. ನಿಮ್ಮ ಯೋಜನೆ ಇನ್ನೂ ಎಂಟು ವರ್ಷ ಇಲ್ಲೇ ಇರುತ್ತದೆ. ಫೈಲು ನಿಧಾನ ಆಗುವುದು ಹೆಚ್ಚಾಗಿ ಒಂದು ಪೋಡಿ, ಒಂದು ಸಹಿ, ಒಂದು ಎನ್‌ಒಸಿ ಕಮ್ಮಿ ಇರುವುದರಿಂದ. "ಸಕಾಲ" (ಸರ್ಕಾರಿ ಸೇವೆಯನ್ನು ನಿಗದಿತ ದಿನದೊಳಗೆ ಕೊಡುವ ರಾಜ್ಯದ ವ್ಯವಸ್ಥೆ) ಅಡಿ ಬರುವ ಸೇವೆಗಳಿಗೆ ಅಲ್ಲೇ ಅರ್ಜಿ ಹಾಕಿ ಸಂಖ್ಯೆ ಇಟ್ಟುಕೊಳ್ಳಿ. ಯಾವ ಸಭೆಯಲ್ಲಿ ಏನು ಕೇಳಿದರು ಅಂತ ಅವತ್ತೇ ಒಂದು ಪತ್ರ ಬರೆದು ಸ್ವೀಕೃತಿ ಪಡೆಯಿರಿ.

ನಾವು ನಾಲ್ಕು ಕುಟುಂಬ ಸೇರಿ ಡೆವಲಪರ್ ಜೊತೆ ಜಂಟಿ ಅಭಿವೃದ್ಧಿ ಮಾಡುತ್ತಿದ್ದೇವೆ. ನಮ್ಮ ಮೇಲೂ ಜವಾಬ್ದಾರಿ ಇದೆಯಾ?

ಇದೆ. ಸೈಟು ಅಥವಾ ಆದಾಯದಲ್ಲಿ ಪಾಲು ಪಡೆಯುವ ಜಮೀನಿನ ಮಾಲೀಕರನ್ನೂ ರೇರಾದಲ್ಲಿ ಪ್ರವರ್ತಕರ, ಅಂದರೆ ಯೋಜನೆಯ ಹೊಣೆ ಹೊತ್ತವರ, ಜೊತೆ ಸೇರಿಸುತ್ತಾರೆ. ಒಪ್ಪಂದದಲ್ಲಿ ಮೂರು ವಿಷಯ ಇರಲೇಬೇಕು: ನಕ್ಷೆ ಬದಲಿಸಲು ಯಾರ ಒಪ್ಪಿಗೆ ಬೇಕು, ಬಳಕೆ ಬದಲಾದರೆ ಪಾಲು ಹೇಗೆ ಬದಲಾಗುತ್ತದೆ, ಪಾರ್ಕು ರಸ್ತೆಗೆ ಹೋದ ಜಾಗ ಯಾರ ಲೆಕ್ಕದಿಂದ ಹೋಯಿತು. ಮೂರನೆಯದರಲ್ಲೇ ಜಗಳ ಜಾಸ್ತಿ. ರಾಮಣ್ಣನ ಜಮೀನೆಲ್ಲ ಪಾರ್ಕಾಯಿತು, ಶಂಕ್ರಣ್ಣನದ್ದೆಲ್ಲ ರಸ್ತೆ ಬದಿ ಅಂಗಡಿಯಾಯಿತು ಅಂತ ಆಗುತ್ತದೆ. ಎಲ್ಲವನ್ನೂ ಒಂದೇ ರಾಶಿ ಅಂತ ಹಿಡಿದು, ತಂದ ಎಕರೆಯ ಪ್ರಕಾರ ಪಾಲು ಅಂತ ಮೊದಲೇ ಬರೆದರೆ ಮುಗಿಯಿತು.

ಈಗಾಗಲೇ ಬರೀ ವಸತಿ ಬಡಾವಣೆಗೆ ಮಂಜೂರಾತಿ ಆಗಿದೆ. ಈಗ ಮಿಶ್ರ ಬಳಕೆ ಮಾಡಬಹುದಾ?

ಎಷ್ಟು ಮಾರಿದ್ದೀರಿ ಅನ್ನುವುದರ ಮೇಲೆ ನಿಂತಿದೆ. ಒಂದೂ ಮಾರಿಲ್ಲ ಅಂದರೆ ಪರಿಷ್ಕೃತ ನಕ್ಷೆ ಹಾಕಿ, ಬೇಕಾದ ಭಾಗಕ್ಕೆ ಕನ್ವರ್ಷನ್ ಉದ್ದೇಶವನ್ನೂ ಬದಲಿಸಿಕೊಳ್ಳಿ. ಸ್ವಲ್ಪ ಮಾರಿದ್ದರೆ ಮಾರದೆ ಉಳಿದ ಭಾಗ ಒಂದೇ ಕಡೆ ಇದೆಯಾ ನೋಡಿ, ಕೊಂಡವರನ್ನು ಕರೆದು ನಕ್ಷೆ ತೋರಿಸಿ, ಒಬ್ಬೊಬ್ಬರಿಂದಲೂ ಲಿಖಿತ ಒಪ್ಪಿಗೆ ಪಡೆಯಿರಿ. ಅವರ ಮನೆ ಎದುರಿಗೆ ಬಾರ್ ಬರುವುದಿಲ್ಲ, ಛತ್ರದ ಪಾರ್ಕಿಂಗ್ ಅವರ ರಸ್ತೆಗೆ ಬರುವುದಿಲ್ಲ ಅಂತ ಬರೆದುಕೊಟ್ಟರೆ ಒಪ್ಪುವವರು ಜಾಸ್ತಿ. ಮುಕ್ಕಾಲು ಪಾಲು ಮಾರಿ ಆಗಿದ್ದರೆ ಈ ಬಡಾವಣೆಯನ್ನು ಹಾಗೇ ಮುಗಿಸಿ ಪಾಲಿಕೆಗೋ ಪಂಚಾಯಿತಿಗೋ ಹಸ್ತಾಂತರ ಮಾಡಿ. ಅಂಗಡಿ, ಕ್ಲಿನಿಕ್ಕಿಗೆ ಪಕ್ಕದ ಜಮೀನು ನೋಡಿ.